ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವ ಯಂತ್ರಗಳು

ನೇರ ದಾರಿ ಬಿಟ್ಟು ಸುತ್ತಿ ಬಳಸಿ ಕೆಲಸ ಮಾಡುವವರನ್ನು ಕಂಡರೆ ನಮ್ಮ ಹಿರಿಯರು "ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯ್ತು" ಅಂತ ಆಡಿಕೊಳ್ಳುತ್ತಿದ್ದರು. ಮುಂಬೈ, ಪುಣೆ ಕಡೆ ನೆಲೆಸಿರುವ ನಮ್ಮಂಥವರಿಗೆ ಕೊಂಕಣ ಪಕ್ಕದಲ್ಲೇ ಇದೆ, ಅದು ಬೇರೆ ಮಾತು! ಆದರೆ ಹಾಗೆ ಸುತ್ತುವುದನ್ನೇ ಒಂದು ಸ್ಪರ್ಧೆ ಮಾಡಿ, ಅದರಲ್ಲಿ ಗೆಲ್ಲುವುದಕ್ಕೆ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಿದ್ದೆಗೆಟ್ಟು ದುಡಿಯುತ್ತಾರೆ ಅಂದರೆ ನಂಬುತ್ತೀರಾ? ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇಂಥದ್ದೊಂದು ಸ್ಪರ್ಧೆ 1949ರಲ್ಲೇ ಶುರುವಾಗಿತ್ತು. ಅದರ ಹಿಂದೆ ಇದ್ದದ್ದು ಒಬ್ಬ ವ್ಯಂಗ್ಯಚಿತ್ರಕಾರನ ಹೆಸರು, ರೂಬ್ ಗೋಲ್ಡ್‌ಬರ್ಗ್.

ಗೋಲ್ಡ್‌ಬರ್ಗ್ ಹುಟ್ಟಿದ್ದು 1883ರ ಜುಲೈ 4ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಚಿಕ್ಕಂದಿನಿಂದ ಚಿತ್ರ ಬರೆಯುವ ಹುಚ್ಚು. ಆದರೆ ಅಪ್ಪನಿಗೆ ಮಗ ಇಂಜಿನಿಯರ್ ಆಗಬೇಕು ಅಂತ ಆಸೆ. (ಈ ಕಥೆ ನಮಗೆ ಗೊತ್ತಿಲ್ಲದ್ದೇನಲ್ಲ ಬಿಡಿ.) ಮಗ ಅಪ್ಪನ ಮಾತು ಕೇಳಿ ಬರ್ಕ್‌ಲಿಯಲ್ಲಿ ಗಣಿ ಇಂಜಿನಿಯರಿಂಗ್ ಓದಿ 1904ರಲ್ಲಿ ಪದವಿ ಪಡೆದ. ಊರಿನ ನೀರು, ಒಳಚರಂಡಿ ಇಲಾಖೆಯಲ್ಲಿ ಕೆಲಸವೂ ಸಿಕ್ಕಿತು. ಸುಮಾರು ಆರು ತಿಂಗಳು ಮಾಡಿ, ಅದನ್ನು ಬಿಟ್ಟು ಪತ್ರಿಕೆಯೊಂದರಲ್ಲಿ ಕ್ರೀಡಾ ವ್ಯಂಗ್ಯಚಿತ್ರ ಬರೆಯಲು ಹೋದ. 1907ರಲ್ಲಿ ನ್ಯೂಯಾರ್ಕ್ ಸೇರಿದ.

ಓದಿದ ಇಂಜಿನಿಯರಿಂಗ್ ಮಾತ್ರ ಅವನನ್ನು ಬಿಡಲಿಲ್ಲ. ಬರ್ಕ್‌ಲಿಯಲ್ಲಿ ಅವನಿಗೆ ಪಾಠ ಹೇಳಿದ ಫ್ರೆಡರಿಕ್ ಸ್ಲೇಟ್ ಎಂಬ ಪ್ರೊಫೆಸರ್ ಹತ್ತಿರ ಭೂಮಿಯ ತೂಕ ಕಂಡುಹಿಡಿಯುವ ದೊಡ್ಡದೊಂದು ಉಪಕರಣವಿತ್ತು. ಕೊಳವೆಗಳೂ ಪಾತ್ರೆಗಳೂ ತುಂಬಿದ ಅದು ಗೋಲ್ಡ್‌ಬರ್ಗ್‌ಗೆ ಮಹಾ ತಮಾಷೆಯಾಗಿ ಕಂಡಿತ್ತು. ಸಣ್ಣ ಕೆಲಸಕ್ಕೆ ದೊಡ್ಡ ಯಂತ್ರ ಎಂಬ ಹಾಸ್ಯದ ಬೀಜ ಅಲ್ಲಿ ಬಿತ್ತು. ಮುಂದೆ 1929ರಿಂದ ಕಾಲಿಯರ್ಸ್ ಪತ್ರಿಕೆಯಲ್ಲಿ ಪ್ರೊಫೆಸರ್ ಬಟ್ಸ್ ಎಂಬ ಪಾತ್ರದ 'ಸಂಶೋಧನೆ'ಗಳು ಬರತೊಡಗಿದವು.

ಅವುಗಳಲ್ಲಿ 1931ರ ನ್ಯಾಪ್ಕಿನ್ ಯಂತ್ರವೇ ಎಲ್ಲಕ್ಕಿಂತ ಹೆಸರುವಾಸಿ. ಊಟ ಮಾಡುವವನು ಸೂಪಿನ ಚಮಚ ಎತ್ತಿದರೆ ದಾರ ಎಳೆಯುತ್ತೆ. ದಾರ ಒಂದು ಸೌಟನ್ನು ಜಗ್ಗುತ್ತೆ. ಸೌಟಿನಲ್ಲಿದ್ದ ಬಿಸ್ಕತ್ತು ಗಿಳಿಯ ಮುಂದೆ ಹಾರುತ್ತೆ. ಗಿಳಿ ಅದರ ಹಿಂದೆ ಜಿಗಿದಾಗ ಅದು ಕೂತಿದ್ದ ಕೋಲು ವಾಲಿ, ಕಾಳೆಲ್ಲ ಬಕೆಟ್ಟಿಗೆ ಬೀಳುತ್ತೆ. ಬಕೆಟ್ ಭಾರಕ್ಕೆ ಇನ್ನೊಂದು ದಾರ ಎಳೆದು ಲೈಟರ್ ಹೊತ್ತಿಕೊಳ್ಳುತ್ತೆ, ಅದರಿಂದ ಪಟಾಕಿ ರಾಕೆಟ್ ಹಾರುತ್ತೆ. ರಾಕೆಟ್ ಜೊತೆಗಿನ ಕುಡುಗೋಲು ಒಂದು ದಾರವನ್ನು ಕತ್ತರಿಸಿದಾಗ, ಲೋಲಕಕ್ಕೆ ಕಟ್ಟಿದ ನ್ಯಾಪ್ಕಿನ್ ಆಚೀಚೆ ತೂಗಿ ಗಲ್ಲ ಒರೆಸುತ್ತೆ! ಅದೇ 1931ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅವನ ಹೆಸರನ್ನೇ ಒಂದು ವಿಶೇಷಣವಾಗಿ ಸೇರಿಸಿಕೊಂಡಿತು. ಬದುಕಿರುವಾಗಲೇ ನಿಘಂಟಿನ ಪದವಾಗುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು?

ಇಲ್ಲೊಂದು ವಿಷಯ ಗಮನಿಸಿ. ಪತ್ರಿಕೆಯ ಪುಟದ ಮೇಲೆ ಈ ಯಂತ್ರಗಳು ಎಂದೂ ಕೆಟ್ಟಿಲ್ಲ. ಕಾಗದದ ಗಿಳಿ ಹೇಳಿದ ಕ್ಷಣಕ್ಕೆ ಜಿಗಿಯುತ್ತೆ, ಕಾಗದದ ರಾಕೆಟ್ ತೋರಿಸಿದ ಕಡೆಗೇ ಹಾರುತ್ತೆ. ಕೆಲಸ ಹಗುರ ಮಾಡುತ್ತೇವೆ ಅಂತ ಹೊರಟ ಹೊಸ ಹೊಸ ಯಂತ್ರಗಳು ಬದುಕನ್ನು ಇನ್ನಷ್ಟು ಗೋಜಲು ಮಾಡುತ್ತಿವೆಯಲ್ಲ ಎಂದು ನಗುವುದಷ್ಟೇ ಅಲ್ಲಿನ ಉದ್ದೇಶ. ನಗೆಗೆ ಚಿತ್ರ ಸಾಕು, ಯಂತ್ರ ಓಡಲೇಬೇಕು ಅಂತೇನಿಲ್ಲ.

ಓಡಲೇಬೇಕು ಅಂತ ಹಟ ಹಿಡಿದವರು ವಿದ್ಯಾರ್ಥಿಗಳು. 1949ರಲ್ಲಿ ಪರ್ಡ್ಯೂನ ಥೀಟಾ ಟೌ ಮತ್ತು ಟ್ರಯಾಂಗಲ್ ಎಂಬ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಎರಡು ಸಂಘಗಳು ಪೈಪೋಟಿಗೆ ಬಿದ್ದು ಇಂಥ ಯಂತ್ರಗಳನ್ನು ಕಟ್ಟತೊಡಗಿದವು. ಆ ಸ್ಪರ್ಧೆ 1955ರವರೆಗೆ ನಡೆದು ನಿಂತುಹೋಯಿತು. ಅಂದ ಹಾಗೆ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಇದೇ ಪರ್ಡ್ಯೂನಿಂದ ಪದವಿ ಪಡೆದದ್ದೂ 1955ರಲ್ಲೇ! 1983ರಲ್ಲಿ ಥೀಟಾ ಟೌ ಹುಡುಗರು ಸ್ಪರ್ಧೆಗೆ ಮತ್ತೆ ಜೀವ ಕೊಟ್ಟರು, 1988ರಲ್ಲಿ ಅದು ರಾಷ್ಟ್ರಮಟ್ಟಕ್ಕೇರಿತು. ಆಮೇಲೆ ಹೈಸ್ಕೂಲ್ ಮಕ್ಕಳಿಗೂ ಪ್ರತ್ಯೇಕ ವಿಭಾಗ ಬಂತು.

ನಿಯಮ ಸರಳ. ಒಂದು ಸಣ್ಣ ಕೆಲಸ ಕೊಡುತ್ತಾರೆ. ಅದನ್ನು ಕನಿಷ್ಠ 20 ಹಂತಗಳಲ್ಲಿ ಮಾಡಬೇಕು ಅಂತ ಬಹಳ ಕಾಲ ನಿಯಮವಿತ್ತು. ಶುರುವಾದ ಮೇಲೆ ಯಂತ್ರಕ್ಕೆ ಕೈ ಹಚ್ಚಿದರೆ ಅಂಕ ಹೋಯಿತು. ಪರ್ಡ್ಯೂ ತಂಡಗಳು 2005ರಲ್ಲಿ ಟಾರ್ಚಿನ ಬ್ಯಾಟರಿ ಬದಲಿಸಲು 125 ಹಂತ, 2008ರಲ್ಲಿ ಹ್ಯಾಂಬರ್ಗರ್ ಜೋಡಿಸಲು 156, 2011ರಲ್ಲಿ ಗಿಡಕ್ಕೆ ನೀರು ಹಾಕಲು 244, 2012ರಲ್ಲಿ ಬಲೂನು ಊದಿ ಒಡೆಯಲು 300 ಹಂತಗಳ ಯಂತ್ರ ಕಟ್ಟಿದವು. ನಮ್ಮಲ್ಲಿ ಜುಗಾಡ್ ಅಂದರೆ ಇದ್ದುದರಲ್ಲೇ ಅಡ್ಡದಾರಿ ಹುಡುಕುವುದು. ಇದು ಅದಕ್ಕೆ ಪೂರಾ ತದ್ವಿರುದ್ಧ.

ಬಲೂನಿಗೆ ಒಂದು ಸೂಜಿ ಸಾಕಿತ್ತಲ್ಲ, ಇದರಿಂದ ಏನು ಕಲಿತ ಹಾಗಾಯ್ತು ಅಂತ ಕೇಳಬಹುದು. ಸ್ವಲ್ಪ ಲೆಕ್ಕ ಹಾಕೋಣ. ಒಂದೊಂದು ಹಂತವೂ 100ಕ್ಕೆ 99 ಸಲ ಸರಿಯಾಗಿ ನಡೆಯುತ್ತೆ ಅಂತಿಟ್ಟುಕೊಳ್ಳಿ. 99 ಅಂದರೆ ನಮ್ಮ ಮನೆಗಳಲ್ಲಿ ಪೇಡೆ ಹಂಚುವ ಅಂಕ! ಆದರೆ 20 ಹಂತದ ಯಂತ್ರ ಕೊನೆ ಮುಟ್ಟುವುದು 100ರಲ್ಲಿ ಸುಮಾರು 82 ಸಲ ಮಾತ್ರ. 100 ಹಂತ ಇದ್ದರೆ 37 ಸಲ. 300 ಹಂತಕ್ಕೆ ಬರೀ 5 ಸಲ! ಹೋಂಡಾ ಕಂಪನಿ 2003ರಲ್ಲಿ ಕಾರಿನ ಬಿಡಿಭಾಗಗಳೇ ಒಂದನ್ನೊಂದು ತಳ್ಳಿಕೊಂಡು ಹೋಗುವ ಜಾಹೀರಾತು ತೆಗೆದಾಗ 606 ಟೇಕ್ ಬೇಕಾದವಂತೆ. ಕಾಗದದ ಗಿಳಿಗೂ ನಿಜವಾದ ಗೋಲಿಗೂ ಇರುವ ವ್ಯತ್ಯಾಸ ಇದು.

ಇನ್ನೊಂದು ಪಾಠ ಗುಂಪಿನದು. ಇಂಥ ಯಂತ್ರವನ್ನು ಒಬ್ಬನೇ ಕಟ್ಟುವುದು ಕಷ್ಟ, ಹಂತಗಳನ್ನು ಹಂಚಿಕೊಳ್ಳಬೇಕು. ಒಬ್ಬನ ಡಾಮಿನೊ ಚೆನ್ನಾಗಿ ಬೀಳುತ್ತೆ, ಇನ್ನೊಬ್ಬಳ ರಾಟೆ ಚೆನ್ನಾಗಿ ತಿರುಗುತ್ತೆ. ಆದರೆ ಕೊನೆಯ ಡಾಮಿನೊ ರಾಟೆಯ ಕೊಕ್ಕೆಗೆ ಅರ್ಧ ಇಂಚು ಈಚೆ ಬಿದ್ದರೆ? ಇಬ್ಬರದ್ದೂ ತಪ್ಪಿಲ್ಲ, ಯಂತ್ರ ಮಾತ್ರ ನಿಂತಿದೆ. ಅಪಾಯ ಇರುವುದು ಭಾಗಗಳಿಗಿಂತ ಹೆಚ್ಚಾಗಿ ಬೆಸುಗೆಯಲ್ಲಿ. "ನಂದು ಸರಿಯಿದೆ" ಅನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಇದು ಬರೀ ಆಟದ ಮಾತಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಮೇಲೇರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ಸತ್ತರಲ್ಲ, ಅಲ್ಲಿ ಸೋತದ್ದು ಬೂಸ್ಟರ್ ರಾಕೆಟ್ಟಿನ ಎರಡು ತುಂಡುಗಳ ನಡುವಿನ ಕೀಲು. ಚಳಿಗೆ ಬಿರುಸಾದ ರಬ್ಬರ್ ಉಂಗುರ ಸಂದಿಯನ್ನು ಮುಚ್ಚಲಿಲ್ಲ. ಬೂಸ್ಟರ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು ಹಿಂದಿನ ರಾತ್ರಿಯೇ ಈ ಚಳಿಯಲ್ಲಿ ಹಾರಿಸುವುದು ಬೇಡ ಅಂದಿದ್ದರು. ಆ ಮಾತು ಕೊನೆಯ ತೀರ್ಮಾನ ಮಾಡುವ ಮೇಲಿನವರಿಗೆ ಮುಟ್ಟಲೇ ಇಲ್ಲ. ಲೋಹದ ಕೀಲಿನ ಜೊತೆ ಮನುಷ್ಯರ ನಡುವಿನ ಕೀಲೂ ಕಳಚಿತ್ತು. ಗೋಲಿ ಎಲ್ಲಿ ನಿಂತಿತು ಅಂತ ನಡುರಾತ್ರಿ ನೆಲದ ಮೇಲೆ ಮಲಗಿ ಹುಡುಕುವ ಹುಡುಗ ಹುಡುಗಿಯರು ಕಲಿಯುತ್ತಿರುವುದು ಈ ಪಾಠವನ್ನೇ. ಅಲ್ಲಿ ಅದು ಯಾರ ಪ್ರಾಣಕ್ಕೂ ಕುತ್ತಿಲ್ಲದೆ ಸಿಗುತ್ತೆ, ಅಷ್ಟೇ.

ಗೋಲ್ಡ್‌ಬರ್ಗ್ 1948ರಲ್ಲಿ ಪುಲಿಟ್ಜರ್ ಪಡೆದ. ಅದು ಈ ಯಂತ್ರಗಳಿಗಲ್ಲ, ಅಣುಬಾಂಬಿನ ಕುರಿತ ರಾಜಕೀಯ ವ್ಯಂಗ್ಯಚಿತ್ರಕ್ಕೆ. 1970ರ ಡಿಸೆಂಬರಿನಲ್ಲಿ ತೀರಿಕೊಂಡ. 1995ರಲ್ಲಿ ಅಮೆರಿಕದ ಅಂಚೆ ಇಲಾಖೆ ಆ ನ್ಯಾಪ್ಕಿನ್ ಯಂತ್ರವನ್ನೇ ಅಂಚೆಚೀಟಿಯಲ್ಲಿ ಅಚ್ಚು ಹಾಕಿತು. ಇಂಜಿನಿಯರಿಂಗ್ ಬಿಟ್ಟು ಓಡಿದವನ ಹೆಸರು ಕೊನೆಗೆ ಇಂಜಿನಿಯರುಗಳ ಸ್ಪರ್ಧೆಗೇ ಅಂಟಿಕೊಂಡಿತು. ಇದೂ ಒಂಥರಾ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೇ ಅಲ್ಲವೇ?

ಆದ್ದರಿಂದ ನಿಮ್ಮ ಮನೆಯ ಮಕ್ಕಳೂ ಅವರ ಗೆಳೆಯರೂ ಸೇರಿ ಹಾಲ್ ತುಂಬ ಗೋಲಿ, ಪುಸ್ತಕ, ಸೆಲ್ಲೋಟೇಪು ಹರಡಿಕೊಂಡು ಕೂತಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂತು "ಎಲ್ಲಿ ನಿಂತಿತು?" ಅಂತ ಒಂದು ಮಾತು ಕೇಳಿ. "ಯಾರಿಂದ ನಿಂತಿತು?" ಅಂತ ಮಾತ್ರ ಕೇಳಬೇಡಿ.