ಮ್ಯಾಗ್ನೆಟ್ ಆಸ್ಪತ್ರೆ

ಮ್ಯಾಗ್ನೆಟ್ ಆಸ್ಪತ್ರೆ: ದಾದಿಯರ ತೀವ್ರ ಅಭಾವವಿರುವ ಕಾಲದಲ್ಲಿಯೂ ಅರ್ಹ ದಾದಿಯರನ್ನು ಆಕರ್ಷಿಸಿ, ಬಹುಕಾಲ ತನ್ನಲ್ಲಿಯೇ ಉಳಿಸಿಕೊಳ್ಳಬಲ್ಲ ಆಸ್ಪತ್ರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಢವಾದ ಹೆಸರು. 1980ರ ದಶಕದ ಆದಿಭಾಗದಲ್ಲಿ ಆ ದೇಶದ ಆಸ್ಪತ್ರೆಗಳಲ್ಲಿ ದಾದಿಯರ ಹುದ್ದೆಗಳು ಬಹುವಾಗಿ ತೆರವಾಗಿದ್ದಾಗ, ಕೆಲವು ಮಾತ್ರ ಈ ಸಂಕಟಕ್ಕೆ ಹೊರತಾಗಿದ್ದುದನ್ನು ಕಂಡು, ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಅಂಥ 41 ಆಸ್ಪತ್ರೆಗಳನ್ನು ಅಭ್ಯಸಿಸಿ 1983ರಲ್ಲಿ ವರದಿಯನ್ನು ಪ್ರಕಟಿಸಿತು. ಶುಶ್ರೂಷಾ ವಿಷಯಗಳಲ್ಲಿ ದಾದಿಯರಿಗೆ ನಿರ್ಣಯಸ್ವಾತಂತ್ರ್ಯ, ವೈದ್ಯರೊಡನೆ ಪರಸ್ಪರ ಗೌರವದ ಸಂಬಂಧ, ಆಡಳಿತದ ಉನ್ನತ ಸ್ತರದಲ್ಲಿ ಶುಶ್ರೂಷಾ ಮುಖ್ಯಸ್ಥರಿಗೆ ಸ್ಥಾನ, ಪಾಳಿಗಳ ನಿಗದಿಯಲ್ಲಿ ಅನುಕೂಲ, ಸಾಕಷ್ಟು ಸಿಬ್ಬಂದಿ ಇವು ಅಲ್ಲಿ ಕಂಡುಬಂದ ಪ್ರಧಾನ ಲಕ್ಷಣಗಳು. ವೇತನವೊಂದರಿಂದಲೇ ನಿಷ್ಠೆಯನ್ನು ಸಂಪಾದಿಸಲಾಗದೆಂಬುದು ಇದರಿಂದ ವಿಶದವಾಗುತ್ತದೆ.

ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ಉದ್ಯೋಗಿಯ ಸಂಸ್ಥಾನಿಷ್ಠೆಯನ್ನು ಭಾವಮೂಲ, ನಷ್ಟಭಯಮೂಲ, ಕರ್ತವ್ಯಮೂಲ ಎಂದು ತ್ರಿವಿಧವಾಗಿ ವಿಭಾಗಿಸಿದರು. ಮ್ಯಾಗ್ನೆಟ್ ಆಸ್ಪತ್ರೆಗಳ ಲಕ್ಷಣಗಳು ಪೋಷಿಸುವುದು ಮುಖ್ಯವಾಗಿ ಮೊದಲನೆಯದನ್ನು. ಬೇರೆಡೆ ಕೆಲಸ ಹೇರಳವಾಗಿ ದೊರೆಯುವ ಅಭಾವಕಾಲದಲ್ಲಿ ಎರಡನೆಯದು ಸಹಜವಾಗಿಯೇ ದುರ್ಬಲ.

ಈ ಲಕ್ಷಣಗಳಿಂದ ರೋಗಿಗಳ ಮೇಲಾಗುವ ಪರಿಣಾಮವನ್ನು ಕುರಿತು ಶುಶ್ರೂಷಾ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನವು 1983ರ ವರದಿಯಲ್ಲಿ ಗುರುತಿಸಲ್ಪಟ್ಟ ಆಸ್ಪತ್ರೆಗಳಲ್ಲಿ ಮರಣಪ್ರಮಾಣ ಕಡಿಮೆಯೆಂದು ತೋರಿಸಿತು. ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳನ್ನು ಕುರಿತ ಅವರ 2002ರ ಅಧ್ಯಯನದಲ್ಲಿ, ದಾದಿಯೊಬ್ಬರ ಪಾಲಿಗೆ ಬರುವ ಪ್ರತಿಯೊಬ್ಬ ಹೆಚ್ಚುವರಿ ರೋಗಿಗೂ ಶಸ್ತ್ರಚಿಕಿತ್ಸೆಗೊಳಗಾದವರ ಮರಣಸಂಭವ ಶೇ. 7ರಷ್ಟೂ ದಾದಿಯರ ವೃತ್ತಿಬಳಲಿಕೆಯ ಸಂಭವ ಶೇ. 23ರಷ್ಟೂ ಅಧಿಕವಾಗಿರುವುದು ವ್ಯಕ್ತವಾಯಿತು.

ಮ್ಯಾಗ್ನೆಟ್ ಎಂಬುದು ಈಗ ಅಮೆರಿಕನ್ ನರ್ಸಸ್ ಕ್ರೆಡೆನ್ಷಿಯಲಿಂಗ್ ಸೆಂಟರ್ ನೀಡುವ ಅಧಿಕೃತ ಮಾನ್ಯತೆಯೂ ಆಗಿದೆ. ಅದನ್ನು ಮೊದಲು ಪಡೆದುದು, 1994ರಲ್ಲಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆ. ಮಾನ್ಯತೆಯ ಅವಧಿ 4 ವರ್ಷ. ಅನಂತರ ಆಸ್ಪತ್ರೆಯು ಪುನಃ ಪರೀಕ್ಷೆಗೆ ಒಳಪಡತಕ್ಕದ್ದು.