ಜಾವಾ ಎಂಜಿನ್: ಬಿಚ್ಚುವ ಮುನ್ನ, ಕೊರೆಯುವ ಮುನ್ನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1961ರಲ್ಲಿ. ಜೆಕೊಸ್ಲೊವಾಕಿಯಾದ ಪರವಾನಗಿಯಡಿ ಇಲ್ಲಿ ತಯಾರಾದ ಜಾವಾ, 1973ರಿಂದ ಯೆಜ್ಡಿ ಎನಿಸಿಕೊಂಡಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು, ಬೈಕುಗಳು ಉಳಿದವು. ಅವುಗಳಿಗೆ ಮರುಜೀವ ನೀಡುವವರಿಗೆ ಎದುರಾಗುವ ಮೊದಲ ಪ್ರಶ್ನೆ, ಎಂಜಿನ್ ಎಷ್ಟು ಸವೆದಿದೆ ಎಂಬುದು.

ಹೊಗೆ ಕಂಡೊಡನೆ ಬೋರ್ ಹೋಗಿದೆ ಎಂದು ತೀರ್ಮಾನಿಸುವವರೇ ಹೆಚ್ಚು. ಆದರೆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಂದಿಗೆ ಬೆರೆತ ಆಯಿಲ್ ಕೂಡ ಉರಿಯುವುದರಿಂದ ಸ್ವಲ್ಪ ಹೊಗೆ ಸಹಜ. ಹೊಗೆ ವಿಪರೀತವಾಗಿದ್ದು, ಹೊರಗೆಲ್ಲೂ ಸೋರದೆ ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತಿದ್ದರೆ ಸಂಶಯ ಪಡಬೇಕಾದದ್ದು ಕ್ರ್ಯಾಂಕ್ ಬದಿಯ ಸೀಲನ್ನು. ಸೀಲ್ ಸವೆದರೆ ಆ ಆಯಿಲ್ ಎಂಜಿನ್ನಿನೊಳಕ್ಕೆ ಸೇರಿ ಉರಿಯುತ್ತದೆ.

ಸಿಲಿಂಡರ್ ತೆಗೆದಾಗ ಕನೆಕ್ಟಿಂಗ್ ರಾಡನ್ನು ಹಿಡಿದು ನೋಡಬೇಕು. ಅಕ್ಕಪಕ್ಕಕ್ಕೆ ಕೊಂಚ ಸರಿದಾಡಿದರೆ ದೋಷವಲ್ಲ. ಮೇಲೆ ಕೆಳಗೆ ಅಲುಗಾಡಿದರೆ ಬೇರಿಂಗ್ ಸವೆದಿದೆ ಎಂದರ್ಥ.

ಬೋರ್ ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. 250 ಸಿ.ಸಿ. ಜಾವಾದ ಮೂಲ ಬೋರ್ 65 ಮಿಲಿಮೀಟರ್. ಅದನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಈ ಎಚ್ಚರಿಕೆಗೆ ಕಾರಣವಿದೆ. ಪ್ರತಿ ಸಲ ಬೋರ್ ಮಾಡಿಸಿದಾಗಲೂ ಸಿಲಿಂಡರಿನ ಲೋಹ ಕಡಿಮೆಯಾಗುತ್ತದೆ, ಪಿಸ್ಟನ್ ಓವರ್‌ಸೈಜ್ ಆಗುತ್ತದೆ. ಅದಕ್ಕೊಂದು ಮಿತಿಯುಂಟು, ಮೀರಿದರೆ ಹೊಸ ಸ್ಲೀವ್ ಹಾಕಿಸದೆ ಗತಿಯಿಲ್ಲ. ಸೀಲಿನ ತಪ್ಪಿಗೆ ಸಿಲಿಂಡರನ್ನು ಕೊರೆಯಿಸಿದರೆ ಹೊಗೆಯೂ ನಿಲ್ಲದು, ಮೈಸೂರಿನಲ್ಲಿ ತಯಾರಾದ ಆ ಮೂಲ ಸಿಲಿಂಡರಿನ ಆಯುಸ್ಸೂ ಉಳಿಯದು.