50 ಮೀಟರ್ ಪಿಸ್ತೂಲ್ ಶೂಟಿಂಗ್

ಒಲಿಂಪಿಕ್ಸ್ ಕಂಡ ಪಿಸ್ತೂಲ್ ಸ್ಪರ್ಧೆಗಳಲ್ಲಿ ಅತಿ ದೂರದ ಗುರಿಯಿದ್ದವುಗಳ ಪೈಕಿ ಬಹುಕಾಲ ಉಳಿದದ್ದು ಇದು. ಹಳೆಯ ಹೆಸರು ಫ್ರೀ ಪಿಸ್ತೂಲ್. ನಿಂತು, ಒಂದೇ ಕೈ ಚಾಚಿ, ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲದೆ ಪಾಯಿಂಟ್ 22 ಪಿಸ್ತೂಲಿನಿಂದ 60 ಗುಂಡು ಹಾರಿಸಬೇಕು. ಗುಂಡಿಗೆ ಹತ್ತರಂತೆ ಪೂರ್ಣಾಂಕ 600. ಅಷ್ಟನ್ನೂ ಗಳಿಸಿದವರು ಯಾರೂ ಇಲ್ಲ. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಮೆಲೆಂತ್ಯೆವ್ ಬರೆದ 581ರ ದಾಖಲೆಯನ್ನು ಮುರಿಯಲು 34 ವರ್ಷ ಬೇಕಾಯಿತು. 2014ರಲ್ಲಿ ಗ್ರನಾಡದಲ್ಲಿ ದಕ್ಷಿಣ ಕೊರಿಯಾದ ಜಿನ್ ಜೊಂಗ್-ಒ 583 ಅಂಕ ಗಳಿಸಿದರು. 2008, 2012, 2016ರ ಒಲಿಂಪಿಕ್ಸ್‌ಗಳಲ್ಲಿ ಈ ಸ್ಪರ್ಧೆಯ ಚಿನ್ನ ಗೆದ್ದವರೂ ಅವರೇ.

ಗುರಿ ತಪ್ಪುವುದು ಕೈ ನಡುಗುವುದರಿಂದ ಎಂದು ಹೊರಗಿನವರು ತಿಳಿಯುತ್ತಾರೆ. ನಡುಗದ ಕೈ ಯಾರಿಗೂ ಇಲ್ಲ. ಲೆಕ್ಕಕ್ಕೆ ಬರುವುದು ನಡುಕದ ಬಗೆ. ಇಡೀ ಪಿಸ್ತೂಲು ನೇರವಾಗಿಯೇ ಉಳಿದು 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಆದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟಿನ ಕಚ್ಚಿನೊಳಗೆ ಮುಂದಿನ ಸೈಟು ಅದೇ 1 ಮಿಲಿಮೀಟರ್ ಓರೆಯಾದರೆ ಕತೆ ಬೇರೆ. ಎರಡು ಸೈಟುಗಳ ನಡುವೆ 30 ಸೆಂಟಿಮೀಟರ್ ಅಂತರವಿದೆ ಎಂದುಕೊಂಡರೆ, 50 ಮೀಟರ್ ದೂರದಲ್ಲಿ ಗುಂಡು ಸುಮಾರು 16.7 ಸೆಂಟಿಮೀಟರ್ ಆಚೆ ಬೀಳುತ್ತದೆ. ಹತ್ತರ ವೃತ್ತದ ವ್ಯಾಸವೇ 5 ಸೆಂಟಿಮೀಟರ್. ಹತ್ತು ಸಿಗಬೇಕಾದಲ್ಲಿ ನಾಲ್ಕು ಸಿಗುತ್ತದೆ. ಹಾಗಾಗಿ ಅನುಭವಿ ಶೂಟರ್‌ಗಳ ದೃಷ್ಟಿ ಮುಂದಿನ ಸೈಟಿನ ಮೇಲೆ ನೆಟ್ಟಿರುತ್ತದೆ, ಗುರಿಫಲಕ ಮಸುಕಾಗಿಯೇ ಕಾಣುತ್ತದೆ. ಟ್ರಿಗರ್ ಅನ್ನು ಜಗ್ಗಿದರೆ ಸೈಟು ಓರೆಯಾಗುವುದೇ ಹೆಚ್ಚು. ಒತ್ತಡವನ್ನು ಹಂತಹಂತವಾಗಿ ಏರಿಸಬೇಕು. ಗುಂಡು ದಾರಿಯಲ್ಲಿ 12 ಸೆಂಟಿಮೀಟರಿನಷ್ಟು ಕೆಳಗಿಳಿಯುವುದು ನಿಜವಾದರೂ ಅದನ್ನು ಸೈಟು ತಿರುಗಿಸಿ ಮೊದಲೇ ಸರಿಪಡಿಸಿಕೊಳ್ಳಬಹುದು. ಬಯಲು ರೇಂಜಿನ ಗಾಳಿಗೆ ಅಂಥ ಶಾಶ್ವತ ಪರಿಹಾರವಿಲ್ಲ.

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯ ಹುಡುಗರಿಗೆ ಈ ವಿದ್ಯೆ ಸಿಗುವುದು 10 ಮೀಟರ್ ಏರ್ ಪಿಸ್ತೂಲಿನ ರೂಪದಲ್ಲಿ. ಕಾರಣ ಜಾಗ. ಇಲ್ಲಿನ 30-40 ಅಡಿ ನಿವೇಶನದ ಉದ್ದ 12.2 ಮೀಟರ್, 10 ಮೀಟರ್ ರೇಂಜು ಅದರೊಳಗೆ ಹಿಡಿಸುತ್ತದೆ. 50 ಮೀಟರಿಗೆ ಅಂಥ ನಾಲ್ಕು ನಿವೇಶನ ಸಾಲಾಗಿ ಸೇರಿಸಿದರೂ ಸಾಲದು, ಗುಂಡು ತಡೆಯುವ ದಿಬ್ಬದ ಮಾತು ಬೇರೆ. ಏರ್ ಪಿಸ್ತೂಲಿನ ಹತ್ತರ ವೃತ್ತ 11.5 ಮಿಲಿಮೀಟರ್. ದೂರಕ್ಕೆ ಹೋಲಿಸಿದರೆ ಇದು 50 ಮೀಟರಿನ ವೃತ್ತಕ್ಕಿಂತ ತುಸುವೇ ದೊಡ್ಡದು. ಆದರೆ ಗುಂಡಿನ ಅಂಚು ಗೆರೆಗೆ ತಾಗಿದರೂ ಅಂಕ ಸಿಗುವ ನಿಯಮವಿದೆ, 4.5 ಮಿಲಿಮೀಟರಿನ ಪೆಲೆಟ್‌ಗೆ ಈ ರಿಯಾಯಿತಿ ಬಹಳ ಅನುಕೂಲ. ಜಿನ್ ಅವರೇ 2009ರಲ್ಲಿ ಏರ್ ಪಿಸ್ತೂಲಿನಲ್ಲಿ 594 ಅಂಕ ಗಳಿಸಿದ್ದರು. ಒಬ್ಬನೇ ಮನುಷ್ಯನ ಎರಡು ದಾಖಲೆಗಳ ನಡುವಿನ 11 ಅಂಕದ ಅಂತರ ಬಹಳಷ್ಟನ್ನು ಹೇಳುತ್ತದೆ.

ಎರಡೂ ದೂರಗಳಲ್ಲಿ ಪಳಗಿದ ಬೆಂಗಳೂರಿಗರಲ್ಲಿ ಪ್ರಕಾಶ್ ನಂಜಪ್ಪ ಪ್ರಮುಖರು. ತಂದೆಯೂ ಶೂಟರ್. ಕೆನಡಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಪ್ರಕಾಶ್ ತವರಿಗೆ ಮರಳಿ ಪಿಸ್ತೂಲು ಹಿಡಿದರು. 2013ರ ಚಾಂಗ್ವನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲ್ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನಲ್ಲಿ ಮುಖದ ಪಾರ್ಶ್ವವಾಯು ಬಡಿಯಿತು. ಕಣ್ಣನ್ನೇ ನೆಚ್ಚಿಕೊಂಡ ಕ್ರೀಡೆಯಲ್ಲಿ ಇದು ಸಣ್ಣ ಆಘಾತವಲ್ಲ. ಆದರೂ 2014ರ ಗ್ಲ್ಯಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲಿಗೆ ನಿಂತರು, ಫೈನಲ್ ತಲುಪಲಿಲ್ಲ. ರಿಯೊ ನಂತರ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ಕೈಬಿಟ್ಟು ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗ ತರಲಾಯಿತು. ಆ ಹೊಸ ವಿಭಾಗದಲ್ಲೇ ಬೆಂಗಳೂರಿನ ಟಿ.ಎಸ್. ದಿವ್ಯಾ, ಸರಬ್‌ಜೋತ್ ಸಿಂಗ್ ಜೊತೆಗೂಡಿ 2023ರ ಬಾಕು ವಿಶ್ವಕಪ್‌ನಲ್ಲಿ ಚಿನ್ನ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು.

ಕಾನೂನೂ 10 ಮೀಟರಿನ ಕಡೆಗೇ ವಾಲಿದೆ. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿಯೊಳಗಿನ, .177 ಬೋರಿನ ಏರ್ ಪಿಸ್ತೂಲಿಗೆ ಪರವಾನಗಿ ಬೇಡ; ಪಾಯಿಂಟ್ 22ಕ್ಕೆ ಬೇಕು.